ಗಂಜಿ ಕುಡಿದ ಕಪಿತಾನ

ನಮ್ಮ ಕಾರ್ಮಿಕ ಸಂಘದ ಕೋಣೆಯಲ್ಲಿದ್ದ ಏಳು ಕಂಪ್ಯೂಟರುಗಳಲ್ಲಿ ಒಂದಕ್ಕೂ ಬುದ್ಧಿ ಇರಲಿಲ್ಲ. ಇದು ನನ್ನ ಮಾತಲ್ಲ, ಅವನ್ನು ತಂದು ಜೋಡಿಸಿದ ಪೊಲೊಂಗನ ಮಾತು. ಹಡಗಿನ ನಕ್ಷೆ ಬರೆಯುವ ಕಚೇರಿಯೊಂದು ಹಳತಾಯಿತೆಂದು ಹಿತ್ತಲಿಗೆ ಎಸೆದಿದ್ದ ಯಂತ್ರಗಳು ಅವು. ಪೊಲೊಂಗ್ ಎರಡೆರಡನ್ನೇ ಟ್ರೈಸಿಕಲ್ಲಿನಲ್ಲಿ ಹೇರಿಕೊಂಡು ನಮ್ಮೂರು ರೊಸಾರಿಯೊಗೆ ತಂದ. ಹೊಟ್ಟೆ ಬಿಚ್ಚಿ, ಒಳಗೆ ಕಿರುಗುಟ್ಟುತ್ತಿದ್ದ ಡಿಸ್ಕುಗಳನ್ನು ಕಿತ್ತ. ಒಂದೊಂದಕ್ಕೂ ಒಂದು ನೀಲಿ ತಂತಿ ಚುಚ್ಚಿದ.

"ಇವಕ್ಕೆ ಕಣ್ಣು ಮಾತ್ರ, ನನಾಯ್," ಅಂದಿದ್ದ, ಎಲ್ಲರೂ ನನ್ನನ್ನು ಕರೆಯುವ ಹಾಗೆ. "ಮಿದುಳೆಲ್ಲ ನಿನ್ನ ಅಡುಗೆಮನೇಲಿ."

ನಿಜವೇ. ಸಂಘದ ಕೋಣೆಯ ತಗಡು ಸೋರುತ್ತಿತ್ತು. ಅದಕ್ಕೆ ಅಂಟಿಕೊಂಡಿದ್ದ ನನ್ನ ಅಡುಗೆಮನೆ ಸೋರುತ್ತಿರಲಿಲ್ಲ. ಹಾಗಾಗಿ ಎಲ್ಲರ ಕೆಲಸವನ್ನೂ ಹೊತ್ತಿದ್ದ ಒಂದೇ ಒಂದು ಒಳ್ಳೆಯ ಯಂತ್ರ ನನ್ನ ಅಕ್ಕಿ ಮೂಟೆಯ ಹಿಂದೆ, ಬಾಲಯೇಸುವಿನ ಗೂಡಿನ ಕೆಳಗೆ ಕೂತಿತ್ತು. ನಾವು ಅದನ್ನು ಕಪಿತಾನ, ಎಂದರೆ ಕಪ್ತಾನ, ಎನ್ನುತ್ತಿದ್ದೆವು. ಪ್ಲೈವುಡ್ ಗೋಡೆಯ ತೂತಿನಿಂದ ನೀಲಿ ತಂತಿಗಳು ಆಚೆ ಹೋಗುತ್ತಿದ್ದವು. ಆಚೆ ಯಾರೇ ಒಂದು ಅಕ್ಷರ ಒತ್ತಿದರೂ ಅದನ್ನು ಬರೆಯುತ್ತಿದ್ದವನು ಈಚೆ ಇದ್ದ ಕಪಿತಾನ. ಆಚೆಯ ಪರದೆಗಳು ಅವನು ತೋರಿಸಿದ್ದನ್ನು ತೋರಿಸುತ್ತಿದ್ದವು, ಅಷ್ಟೆ.

ಪೊಲೊಂಗನಿಗೆ ಇದರಲ್ಲಿ ಬಹಳ ಇಷ್ಟವಾದದ್ದು ಒಂದಿತ್ತು. "ಇಲ್ಲಿಂದ ಎದ್ದು ಅಲ್ಲಿ ಹೋಗಿ ಕೂತ್ಕೋ. ನಿನ್ನ ಪುಟ ನಾಯಿಮರಿ ಥರ ಹಿಂದೇನೇ ಬರತ್ತೆ." ಪರದೆ ಆರಿಸಿದರೂ ಪುಟ ಕಪಿತಾನನಲ್ಲಿ ತೆರೆದೇ ಇರುತ್ತಿತ್ತು. ಇದರಿಂದಾಗಿ ನಮ್ಮಲ್ಲಿ ಯಾರೂ ಏನನ್ನೂ ಮುಚ್ಚುತ್ತಿರಲಿಲ್ಲ. ಅರ್ಧ ಬರೆದ ಕಾಗದವನ್ನು ಹಾಗೇ ಬಿಟ್ಟು ಪಾಳಿಗೆ ಓಡುವುದು, ಮರುದಿನ ಬೇರೆ ಪರದೆಯ ಮುಂದೆ ಕೂತು ಅದೇ ಸಾಲಿನಿಂದ ಮುಂದುವರಿಸುವುದು.

ಪಾಸ್‌ವರ್ಡಂತೂ ಕೇಳಲೇಬೇಡಿ. ನನಗೆ ನೆನಪಿರುತ್ತಿದ್ದುದು ಒಂದೇ, 'ಲುಗಾವ್'. ನಾನು ಭಾನುವಾರ ಬೇಯಿಸಿ ಮೊಟ್ಟೆ ಹಾಕಿ ಕೊಡುವ ಶುಂಠಿ ಗಂಜಿಯ ಹೆಸರು. ಸಂಘದವರೂ ನನ್ನ ಹೆಸರಿನಲ್ಲೇ ಒಳಹೊಗುತ್ತಿದ್ದರು. "ನನಾಯ್, ಪಾಸ್‌ವರ್ಡ್ ಏನು?" ಎಂದು ಆಚೆಯಿಂದ ಕೂಗಿದರೆ "ಲುಗಾವ್!" ಎಂದು ನಾನು ಈಚೆಯಿಂದ ಕೂಗುತ್ತಿದ್ದೆ. "ಪಾಸ್‌ವರ್ಡ್ ಸಾಕಾಗಲ್ಲ, ಒಂದು ಬಟ್ಟಲು ಗಂಜೀನೂ ಕೊಡು," ಎಂದು ನಗುತ್ತಿದ್ದರು.

ಹಾಗೆ ಕೇಳಿ ನಕ್ಕವರಲ್ಲಿ ಎಲ್ಮರ್ ಒಬ್ಬ. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವನು. ನನ್ನ ಪಕ್ಕದಲ್ಲೇ ಕೂತು ಟೈಪು ಕಲಿತ. ಕಾರ್ಖಾನೆಯವರು ಕೆಲಸದಿಂದ ತೆಗೆದ ಮೇಲೆ ಬರುವುದನ್ನು ನಿಲ್ಲಿಸಿದ.

ಆ ಭಾನುವಾರ ಕಪಿತಾನನ ಹೊಟ್ಟೆಯಲ್ಲಿ ಇನ್ನೂರ ಹದಿನಾಲ್ಕು ಹೆಸರುಗಳಿದ್ದವು. ಸಂಘಕ್ಕೆ ಸೇರುತ್ತೇವೆಂದು ಒಪ್ಪಿದ ನಮ್ಮ ಹೊಲಿಗೆ ಕಾರ್ಖಾನೆಯ ಕೆಲಸಗಾರರು. ಟೈಪು ಮಾಡಿದವಳು ನಾನು, ಒಂದೇ ಬೆರಳಿನಲ್ಲಿ, ಹನ್ನೆರಡು ದಿನ. ಅವರು ಹೆಸರು ಬರೆದುಕೊಟ್ಟ ಚೀಟಿಗಳನ್ನು ಟೈಪಾದೊಡನೆ ಒಲೆಗೆ ಹಾಕುತ್ತಿದ್ದೆ. ಸೋಮವಾರ ಎಲ್ಲ ಹೆಸರುಗಳೂ ಒಟ್ಟಿಗೆ ಕಾರ್ಮಿಕ ಇಲಾಖೆಗೆ ಹೋಗಬೇಕಿತ್ತು. ಹೋದವೆಂದರೆ ಕಾರ್ಖಾನೆಯವರಿಗೆ ಯಾರನ್ನೂ ಮುಟ್ಟುವುದು ಕಷ್ಟ. ಅದಕ್ಕೆ ಮುಂಚೆ ಯಾರ ಹೆಸರು ಹೊರಬಿತ್ತೋ ಅವರ ಕಥೆ ಮುಗಿದಂತೆ. ಹಿಂದಿನ ತಿಂಗಳು ಕತ್ತರಿ ವಿಭಾಗದ ಒಬ್ಬಳ ಹೆಸರು ಹೊರಬಿದ್ದಿತ್ತು. ಅವಳ ಮುರಿದ ದವಡೆಗೆ ಆಗಿನ್ನೂ ತಂತಿ ಕಟ್ಟಿತ್ತು.

ಜನವೆಲ್ಲ ಇಗರ್ಜಿಯ ಪೂಜೆಗೆ ಹೋಗಿದ್ದರು. ಮುಗಿಸಿ ಬರುವವರಿಗೆಂದು ನಾನು ದೊಡ್ಡ ಪಾತ್ರೆಯಲ್ಲಿ ಗಂಜಿ ತಿರುವುತ್ತಿದ್ದೆ. ಪೊಲೊಂಗ್ ಆಚೆ ಒಬ್ಬನೇ ಏನೋ ಬೆಸೆಯುತ್ತಿದ್ದ. ಮೂರು ಮೋಟಾರ್ ಸೈಕಲ್ಲುಗಳು ಬಂದು ನಿಂತ ಸದ್ದಾಯಿತು. ಐದು ಜನ. ನಾಲ್ವರು ಹೆಲ್ಮೆಟ್ ತೆಗೆಯಲೇ ಇಲ್ಲ. ಐದನೆಯವನು ಎಲ್ಮರ್.

ಒಬ್ಬ ನನ್ನ ಬಾಗಿಲಿಗೆ ಬಂದ. ಸೊಂಟದಲ್ಲಿ ಪಿಸ್ತೂಲಿತ್ತು.

"ಅಜ್ಜಿ, ನೀನು ಗಂಜಿ ತಿರುವ್ತಾ ಇರು. ಕತ್ತು ತಿರುವಿದ್ಯೋ, ನಾನು ಮುರೀತೀನಿ."

ಇಷ್ಟು ಹೇಳಿ ನನಗೆ ಬೆನ್ನು ಹಾಕಿ ಆಚೆಯ ತಮಾಷೆ ನೋಡುತ್ತ ನಿಂತ. ಪ್ಲೈವುಡ್ಡಿನ ಸಂದಿಯಿಂದ ನನಗೂ ಎಲ್ಲ ಕಾಣುತ್ತಿತ್ತು.

ಕೆಂಪು ಹೆಲ್ಮೆಟ್ಟಿನವನು ನೇರ ಒಳಗೆ ನುಗ್ಗಿದ. ಕಬ್ಬಿಣದ ಪೈಪಿನಿಂದ ಪೊಲೊಂಗನ ಮೊಣಕಾಲಿಗೆ ಒಂದು ಬಿಟ್ಟ. ಒಣ ಬಿದಿರು ಸೀಳಿದ ಹಾಗೆ ಸದ್ದಾಯಿತು. ಆಮೇಲೆ ಕೇಳಿದ.

"ಹೆಸರುಗಳು ಯಾವ ಡಬ್ಬದಲ್ಲಿವೆ?"

"ಯಾವುದರಲ್ಲೂ ಇಲ್ಲ."

"ಇದರಲ್ಲಾ?" ಮೊದಲನೆಯ ಪರದೆ ನೆಲಕ್ಕೆ ಬಿತ್ತು. ಆ ಹಳೆಯ ದಪ್ಪ ಗಾಜು ಒಡೆಯುವುದಿಲ್ಲ, ಸಿಡಿಯುತ್ತದೆ. "ಇದರಲ್ಲಾ?" ಎರಡನೆಯದು. ಪೊಲೊಂಗನ ಕಿವಿಯ ಹಿಂದಿನಿಂದ ರಕ್ತ ಇಳಿದು ಅಂಗಿಯೊಳಗೆ ಹೋಗುತ್ತಿತ್ತು.

"ಬಿಚ್ಚಿ ನೋಡಪ್ಪಾ," ಅಂದ ಅವನು. "ನಿನ್ನ ಹೆಲ್ಮೆಟ್ ಹಾಗೇನೇ. ಒಳಗೇನೂ ಇಲ್ಲ."

ಆ ಪರಿಸ್ಥಿತಿಯಲ್ಲೂ ಅವನ ನಾಲಿಗೆ ಸುಮ್ಮನಿರಲಿಲ್ಲ. ಪೈಪು ಅವನ ಬಾಯಿಗೆ ಬಿತ್ತು. ಒಬ್ಬ ಕಂಪ್ಯೂಟರಿನ ಪೆಟ್ಟಿಗೆಯನ್ನು ಒದ್ದು ತೆರೆದ. ಖಾಲಿ. ಇನ್ನೊಂದು ತೆರೆದ. ಅದೂ ಖಾಲಿ. ಖಾಲಿ ಕಂಡಷ್ಟೂ ಅವರ ಸಿಟ್ಟು ಏರಿತು. ಇಬ್ಬರು ಪೊಲೊಂಗನ ಕೈಗಳನ್ನು ಮೇಜಿನ ಮೇಲೆ ಚಾಚಿ ಹಿಡಿದರು. ಕೆಂಪು ಹೆಲ್ಮೆಟ್ಟಿನವನು ಒಂದು ಪೆಟ್ಟಿಗೆಯನ್ನು ಎದೆಯೆತ್ತರಕ್ಕೆ ಎತ್ತಿ ಅವುಗಳ ಮೇಲೆ ಬಿಟ್ಟ. ಆ ಕಬ್ಬಿಣದ ಪೆಟ್ಟಿಗೆಗಳು ಒಂದೊಂದೂ ಕೊಬ್ಬಿದ ಹಂದಿಮರಿಯಷ್ಟು ತೂಗುತ್ತವೆ. ಪೊಲೊಂಗ್ ಕಿರುಚಿದ್ದು ಮನುಷ್ಯನ ಕಿರುಚಾಟದ ಹಾಗಿರಲಿಲ್ಲ. ಇನ್ನೊಮ್ಮೆ ಎತ್ತಿ ಇನ್ನೊಮ್ಮೆ ಬಿಟ್ಟ. ನಾನು ಗಂಜಿ ತಿರುವುತ್ತಲೇ ಇದ್ದೆ. ಏನು ಮಾಡಬೇಕೆಂದು ತೋಚದಿದ್ದಾಗ ಕೈ ಗೊತ್ತಿರುವುದನ್ನೇ ಮಾಡುತ್ತದೆ.

ಆರು ಪರದೆಗಳು ಹೋದವು. ಪೈಪು ಏಳನೆಯದರ ಮೇಲೆ ಎದ್ದಾಗ ಎಲ್ಮರ್ ಬಾಯಿಬಿಟ್ಟ.

"ತಾಳಿ ಬಾಸ್. ಒಂದನ್ನ ಉಳಿಸಿ. ಯಾವುದಾದ್ರೂ ಒಂದು ಸಾಕು, ಎಲ್ಲಾ ಕಾಣತ್ತೆ."

"ಇದನ್ನ ಮೊದಲೇ ಬೊಗಳೋದಕ್ಕೇನಾಗಿತ್ತು?"

ಎಲ್ಮರ್ ಕುರ್ಚಿ ಎಳೆದು ಕೂತ. ನಾನೇ ಕಲಿಸಿದ ಹಾಗೆ ಮೊದಲು ಕೈ ಒರೆಸಿಕೊಂಡ. ನನಾಯ್ ಎಂದು ಒತ್ತಿದ. ಲುಗಾವ್ ಎಂದು ಒತ್ತಿದ. ಪಟ್ಟಿ ಬಂದು ಎದುರಿಗೆ ನಿಂತಿತು. ಶನಿವಾರ ನಾನು ಅದನ್ನು ಮುಚ್ಚಿರಲಿಲ್ಲ. ಮುಚ್ಚದೆ ಬಿಟ್ಟದ್ದಷ್ಟೇ ಅಲ್ಲ, ಏಳುವ ಮುಂಚೆ ಪಟ್ಟಿಯ ಮೇಲ್ತುದಿಗೆ ಹೋಗಿ ನನ್ನ ಹೆಸರನ್ನು ಇನ್ನೊಮ್ಮೆ ನೋಡಿಕೊಂಡಿದ್ದೆ. ಮೊದಲನೆಯ ಹೆಸರು ನನ್ನದೇ. ಐವತ್ತೆಂಟನೆಯ ವಯಸ್ಸಿನಲ್ಲಿ ಬರೆಯಲು ಕಲಿತ ಹೆಸರು ನೋಡಲು ಚೆನ್ನಾಗಿತ್ತು.

ಆಗ ಎಚ್ಚೆತ್ತೆ. ಬಗ್ಗಿ ಅಕ್ಕಿ ಮೂಟೆಯ ಹಿಂದೆ ಕೈ ಹಾಕಿ ಕಪಿತಾನನ ಕರೆಂಟಿನ ತಂತಿಯನ್ನು ಗೋಡೆಯಿಂದ ಕಿತ್ತೆ.

ಅವನು ಸಾಯಲಿಲ್ಲ. ಪೀಂ, ಪೀಂ ಎಂದು ಕೂಗತೊಡಗಿದ. ಕರೆಂಟು ಹೋದರೂ ಯಾರ ಕೆಲಸವೂ ಹಾಳಾಗಬಾರದೆಂದು ಪೊಲೊಂಗ್ ಬ್ಯಾಟರಿ ಪೆಟ್ಟಿಗೆ ಕೂರಿಸಿದ್ದು ನನಗೆ ಮರೆತೇ ಹೋಗಿತ್ತು. "ಅರ್ಧ ಗಂಟೆ ಅಲ್ಲಾಡಲ್ಲ ನನಾಯ್" ಎಂದು ಎದೆ ತಟ್ಟಿಕೊಂಡು ಹೇಳಿದ್ದ.

ಬಾಗಿಲಲ್ಲಿದ್ದವನು ತಿರುಗಿದ. "ಏನದು ಸದ್ದು?"

"ಅನ್ನದ ಕುಕ್ಕರ್ರು, ಮಗನೇ."

"ಗಂಜಿ ಒಲೆ ಮೇಲಿದೆಯಲ್ಲೇ ಮುದುಕಿ!" ಅವನ ಕಣ್ಣು ನೆಲದ ಮೇಲಿನ ನೀಲಿ ತಂತಿ ಹಿಡಿದು ಮೂಟೆಯವರೆಗೆ ಬಂತು.

ಮಸಿಬಟ್ಟೆ ಹುಡುಕುತ್ತ ಕೂರುವ ಹೊತ್ತಲ್ಲ ಅದು. ಬರಿಗೈಯಲ್ಲೇ ಪಾತ್ರೆಯ ಕಿವಿ ಹಿಡಿದು ಎತ್ತಿದೆ. ಕುದಿಯುತ್ತಿದ್ದ ಗಂಜಿಯ ಮುಕ್ಕಾಲು ಪಾಲನ್ನು ಕಪಿತಾನನ ಬೆನ್ನ ಮೇಲಿನ ಜಾಲರಿಗೆ ಸುರಿದೆ. ಚಟಚಟ ಎಂದಿತು, ನೀಲಿ ಬೆಳಕು ಹಾರಿತು, ಶುಂಠಿಯೂ ಪ್ಲಾಸ್ಟಿಕ್ಕೂ ಒಟ್ಟಿಗೆ ಸುಟ್ಟ ವಾಸನೆ ಬಂತು. ಕೂಗು ನಿಂತಿತು. ಪಿಸ್ತೂಲಿಗೆ ಕೈ ಹಾಕಿದವನ ತೊಡೆಸಂದಿಗೆ ಉಳಿದದ್ದನ್ನು ಎರಚಿದೆ. ಅವನು ತಾಯಿಯನ್ನು ಕರೆಯುತ್ತ ಕುಣಿದ. ಕುಣಿಯುತ್ತಲೇ ಪಿಸ್ತೂಲಿನ ಹಿಡಿಯಿಂದ ನನ್ನ ಬಾಯಿಗೆ ಗುದ್ದಿದ. ಎರಡು ಹಲ್ಲು ನಾಲಿಗೆಯ ಮೇಲೆ ಬಂದವು. ಜುಟ್ಟು ಹಿಡಿದು ಆಚೆಗೆ ಎಳೆದುಕೊಂಡು ಹೋಗಿ ಗಾಜಿನ ಚೂರುಗಳ ಮೇಲೆ ದಬ್ಬಿದ.

ಮುಗಿಯಿತು, ಪರದೆ ಕಪ್ಪಾಗಿರುತ್ತದೆ ಎಂದು ನಾನು ತಲೆಯೆತ್ತಿದೆ. ಆಗಿರಲಿಲ್ಲ.

ಕಪಿತಾನ ಸತ್ತಿದ್ದ. ಆದರೆ ಅವನು ಕೊನೆಗೆ ಕಳಿಸಿದ ಚಿತ್ರ ಪರದೆಯ ಮೇಲೆ ಹಾಗೇ ಅಂಟಿಕೊಂಡಿತ್ತು. ಇಪ್ಪತ್ತೆರಡು ಹೆಸರು, ಒಂದರ ಕೆಳಗೊಂದು.

ಎಲ್ಮರ್ ಕೀಲಿ ಒತ್ತಿದ, ಮೌಸ್ ಎಳೆದ. "ಮುಂದಕ್ಕೆ ಹೋಗ್ತಿಲ್ಲ ಬಾಸ್."

"ಇರೋದನ್ನ ಓದು." ಕೆಂಪು ಹೆಲ್ಮೆಟ್ಟಿನವನು ಸಿಗರೇಟು ಪೊಟ್ಟಣ ಹರಿದು ಪೆನ್ನು ತೆಗೆದ.

"ಹೊನೊರಾತಾ ಬುಗಾಯೊಂಗ್."

"ಯಾರವಳು?"

ಎಲ್ಮರ್ ನನ್ನ ಕಡೆ ನೋಡಿದ. ನಾನು ಗಾಜಿನ ನಡುವೆ ಬಿದ್ದಿದ್ದೆ, ಬಾಯಿಂದ ರಕ್ತ ಸುರಿಯುತ್ತಿತ್ತು. ಬಡಾವಣೆಗೆಲ್ಲ ನಾನು ನನಾಯ್, ಎಲ್ಲರ ಅಮ್ಮ. ಆದರೆ ಆ ಹೆಸರನ್ನು ಮೊದಲ ಸಲ ತಪ್ಪಿಲ್ಲದೆ ಒತ್ತಿದ ದಿನ ಪಕ್ಕದಲ್ಲಿ ಕೂತು ಚಪ್ಪಾಳೆ ತಟ್ಟಿದವನು ಅವನೇ.

"ಗೊತ್ತಿಲ್ಲ ಬಾಸ್. ಊರು ಬಿಟ್ಟು ಹೋದಳೇನೋ."

"ಮುಂದೆ."

"ಲೋರ್ನಾ ಪನೋಪಿಯೊ. ಕಾಲರ್ ಹೊಲಿಯೋಳು." ಇವಳನ್ನು ಅವನು ಉಳಿಸಲಿಲ್ಲ. "ರೆನಾಂತೆ ಓಲಿಟ್. ಇಸ್ತ್ರಿ ವಿಭಾಗ, ಉದ್ದ ಕೂದಲಿನವನು."

ಪೊಲೊಂಗ್ ಮೇಜಿನ ಕೆಳಗೆ ಬಿದ್ದಿದ್ದ. ಸತ್ತನೆಂದು ಅವರು ಬಿಟ್ಟಿದ್ದರು, ನಾನೂ ಹಾಗೇ ಅಂದುಕೊಂಡಿದ್ದೆ. ಅವನ ಕೈಗಳು ಕೈಗಳಾಗಿ ಉಳಿದಿರಲಿಲ್ಲ. ಅವನು ಮೊಣಕೈ ಊರಿ ಒಂದು ಗೇಣು ಸರಿದ. ಇನ್ನೊಂದು ಗೇಣು ಸರಿದ. ಏಳನೆಯ ಪರದೆಯ ಕರೆಂಟು ತಂತಿ ಮೇಜಿನ ಹಿಂದೆ ಇಳಿದು ಗೋಡೆಗೆ ಹೋಗಿತ್ತು. ಅದನ್ನು ಹಲ್ಲಿನಲ್ಲಿ ಕಚ್ಚಿದ. ಕತ್ತು ಹಿಂದಕ್ಕೆಸೆದು ಎಳೆದ.

"ಮಾರಿಸೆಲ್..." ಎಂದು ಎಲ್ಮರ್ ಶುರು ಮಾಡಿದ್ದ. ಪರದೆಯ ಚಿತ್ರ ಮುದುರಿ ನಡುವೆ ಒಂದು ಬಿಳಿ ಚುಕ್ಕೆಯಾಯಿತು. ಚುಕ್ಕೆಯೂ ಆರಿತು.

ಕೆಂಪು ಹೆಲ್ಮೆಟ್ಟಿನವನು ಕಪ್ಪು ಗಾಜನ್ನು ಪೆನ್ನಿನಿಂದ ಕುಟ್ಟಿದ. "ಯಾವ ಮಾರಿಸೆಲ್?"

"ಕಾರ್ಖಾನೇಲಿ ಮಾರಿಸೆಲ್‌ಗಳು ಹನ್ನೊಂದು ಜನ ಇದಾರೆ ಬಾಸ್."

ಆಮೇಲೆ ಅವರೆಲ್ಲ ಸೇರಿ ಪೊಲೊಂಗನನ್ನು ಒದ್ದರು. ಪಕ್ಕೆಗೆ, ಬೆನ್ನಿಗೆ, ಕಣ್ಣಿಗೆ. ಇಗರ್ಜಿಯ ಗಂಟೆ ಹೊಡೆದು ಜನ ಬೀದಿಗೆ ಬರುವವರೆಗೆ ಒದ್ದರು. ಗಂಜಿ ಬಿದ್ದವನನ್ನು ನಡುವೆ ಕೂರಿಸಿಕೊಂಡು ಹೊರಟರು.

ನಾನು ಬಾಯಿಗೆ ಬಟ್ಟೆ ತುರುಕಿಕೊಂಡು ಲೋರ್ನಾಳ ಮನೆಗೆ ಓಡಿದೆ. ಅವಳನ್ನು ಚಿಕ್ಕಪ್ಪನ ದೋಣಿಯಲ್ಲಿ ಐಸಿನ ಪೆಟ್ಟಿಗೆಗಳ ಹಿಂದೆ ಮಲಗಿಸಿ ಕೊಲ್ಲಿಯಾಚೆಯ ಬಟಾನಿಗೆ ಸಾಗಿಸಿದರು. ರೆನಾಂತೆ ಮನೆಯಲ್ಲಿರಲಿಲ್ಲ. ಕೋಳಿ ಅಂಕಕ್ಕೆ ಹೋಗಿದ್ದಾನೆ ಅಂದರು. ಕರೆತರಲು ಇಬ್ಬರನ್ನು ಅಲ್ಲಿಗೆ ಓಡಿಸಿದೆ. ಯಾರೋ ಕರೆದರೆಂದು ಆಗಷ್ಟೇ ಎದ್ದುಹೋದ ಎಂದು ಅಲ್ಲಿಯವರು ಹೇಳಿದರಂತೆ. ಮಂಗಳವಾರ ಉಪ್ಪಿನ ಗದ್ದೆಯ ಕಾಲುವೆಯಲ್ಲಿ ಸಿಕ್ಕಿದ. ಕೈಗಳನ್ನು ಹಿಂದಕ್ಕೆ ಕಟ್ಟಿದ್ದರು. ಆ ಉದ್ದ ಕೂದಲನ್ನು ಬೋಳಿಸಿದ್ದರು.

ಅವನ ತಾಯಿಗೆ ನಾನೇ ಹೇಳಿದೆ. ಪುಟ ಮುಚ್ಚದೆ ಎದ್ದವಳು ನಾನು ಎಂದೂ ಹೇಳಿದೆ. ಅವಳಿಗೆ ಕಂಪ್ಯೂಟರು ಗೊತ್ತಿಲ್ಲ, ಪುಟವೆಂದರೇನೆಂದು ಗೊತ್ತಿಲ್ಲ. ನನ್ನ ಸುಟ್ಟ ಅಂಗೈಗಳನ್ನು ತಿರುಗಿಸಿ ನೋಡಿ, ಒಳಗಿನಿಂದ ಎಣ್ಣೆ ತಂದು ಹಚ್ಚಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಆಸ್ಪತ್ರೆಯಲ್ಲಿ ಪೊಲೊಂಗನಿಗೆ ನಾಲ್ಕನೆಯ ದಿನ ಮಾತು ಬಂತು. ಒಂದು ಕಣ್ಣು ಹೋಗಿತ್ತು.

"ಕಪಿತಾನ?"

"ಗಂಜಿ ಕುಡಿಸಿಬಿಟ್ಟೆ ಮಗಾ."

"ಮೊಟ್ಟೆ ಹಾಕಿದ್ಯಾ?"

ನಗಲು ಹೋಗಿ ಅವನ ತುಟಿಯ ಹೊಲಿಗೆ ಬಿಚ್ಚಿಕೊಂಡಿತು. ನರ್ಸು ನನ್ನನ್ನು ಆಚೆ ಕಳಿಸಿದಳು.

ಹೆಸರುಗಳನ್ನು ಮತ್ತೆ ಮನೆ ಮನೆಗೆ ಹೋಗಿ ಬರೆಸಿಕೊಂಡೆವು. ಕೆಲವರು ಬಾಗಿಲು ತೆರೆಯಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಹೊಸದಾಗಿ ಬಂದವರೂ ಇದ್ದರು, ರೆನಾಂತೆಯ ಮಣ್ಣಿಗೆ ಬಂದವರಲ್ಲಿ ಹೆಚ್ಚಿನವರು. ಪಟ್ಟಿ ಇಲಾಖೆಗೆ ಹೋಯಿತು.

ಈಗ ಕೋಣೆಯಲ್ಲಿ ನಾಲ್ಕು ಪರದೆಗಳಿವೆ. ಮೂರು ಎಲ್ಲಿಂದಲೋ ತಂದ ಹಳೆಯವೇ, ಅಕ್ಕಿ ಮೂಟೆಯ ಹಿಂದಿನ ಹೊಸ ಕಪಿತಾನನೂ ಹಾಗೇ. ಪೊಲೊಂಗನ ಬೆರಳುಗಳು ಕೊಕ್ಕೆಯ ಹಾಗೆ ನಿಂತುಬಿಟ್ಟಿವೆ. ಅವನು ಗದ್ದದಿಂದ ತೋರಿಸುತ್ತಾನೆ, ನಾನು ತಂತಿ ಚುಚ್ಚುತ್ತೇನೆ, ಬೆಸೆಯುತ್ತೇನೆ. ಉಳಿದುಕೊಂಡ ಆ ಏಳನೆಯದರ ಮುಂದೆ ಕೂರುವವಳು ನಾನೇ. ಕೆಲಸ ಮುಗಿದ ಮೇಲೆ ಪುಟ ಮುಚ್ಚುತ್ತೇನೆ, ಹೊರಬರುತ್ತೇನೆ, ಗುಂಡಿ ಒತ್ತುತ್ತೇನೆ. ಚಿತ್ರ ಮುದುರುತ್ತದೆ. ಬಿಳಿ ಚುಕ್ಕೆ ಉಳಿಯುತ್ತದೆ. ನಾನು ಎದ್ದು ನಿಂತು ಅದನ್ನೇ ನೋಡುತ್ತಿರುತ್ತೇನೆ.

"ಸಾಕು ಬಾ ನನಾಯ್," ಎಂದು ಪೊಲೊಂಗ್ ಬಾಗಿಲಿನಿಂದ ಕರೆಯುತ್ತಾನೆ. "ಹೋಯ್ತಲ್ಲ."

"ಇನ್ನೂ ಇದೆ," ಅನ್ನುತ್ತೇನೆ. ಅದು ಆರುವವರೆಗೆ ನಾನು ಹೊರಡುವುದಿಲ್ಲ.