ಅನಸುಬಾಯಿಯ ಬಲಗಿವಿ

ವಾಡಿಯ ಅನಸುಬಾಯಿಗೆ ಬಲಗಿವಿ ಇರಲಿಲ್ಲ. ಸಣ್ಣವಳಿದ್ದಾಗ ಒಲೆಯ ಬೆಂಕಿ ಕೂದಲಿಗೆ ತಗುಲಿ ಸುಟ್ಟುಹೋಗಿತ್ತು. ಕೇಳಿಸುವುದಕ್ಕೇನೂ ಅಡ್ಡಿಯಿರಲಿಲ್ಲ, ತಲೆತುಂಬ ಸೆರಗು ಹೊದ್ದು ಅರ್ಧ ಆಯುಷ್ಯ ಕಳೆದಿದ್ದಳು. ತೊಂದರೆ ಶುರುವಾದದ್ದು ಕನ್ನಡಕ ಬಂದ ಮೇಲೆ. ಅವಳದು ಹೊಲಿಗೆ ಕೆಲಸ. ಬಗ್ಗಿದರೆ ಸಾಕು, ಕನ್ನಡಕ ಬಲಕ್ಕೆ ಜಾರಿ ಬಟ್ಟೆಯ ಮೇಲೆ ಬೀಳುತ್ತಿತ್ತು. ದಾರ ಬಿಗಿದುಕೊಂಡರೆ ಸುಟ್ಟ ಚರ್ಮ ಉರಿಯುತ್ತಿತ್ತು.

ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಕೃತಕ ಹಲ್ಲು, ಕಿವಿ ಮಾಡುವ ಲಕ್ಷ್ಮಿಕಾಂತ ಅವಳ ಎಡಗಿವಿಯ ಪಡಿಯಚ್ಚು ತೆಗೆದು, ಅದನ್ನು ನೋಡುತ್ತ ಮೇಣದಲ್ಲಿ ಬಲಗಿವಿ ಕೆತ್ತಿದ. ಎಡದ್ದನ್ನು ಬಲಕ್ಕೆ ತಿರುಗಿಸಿ ಕೆತ್ತುವುದು ಸುಲಭವಲ್ಲ. ಎರಡು ಸಲ ಕೆತ್ತಿದರೂ ಅದು ಬೇರೆ ಯಾರದೋ ಕಿವಿಯಾಯಿತು.

ಪಕ್ಕದ ಮನೆಯ ತಬಸ್ಸುಮ್ ಬಟ್ಟೆ ಹೊಲಿಸಲು ಬಂದಾಗ ಈ ಸುದ್ದಿ ಕೇಳಿದಳು. ಡಿಪ್ಲೊಮಾ ಓದಿದ್ದ ಅವಳು ಶಹಾಬಾದಿನ ಒಂದು ಕಾರ್ಖಾನೆಯಲ್ಲಿದ್ದಳು. ಸಿಮೆಂಟ್ ಫ್ಯಾಕ್ಟರಿಗಳ ದೊಡ್ಡ ಫ್ಯಾನುಗಳಿಗೆ ಬಾಗಿದ ರೆಕ್ಕೆಗಳನ್ನು ಮಾಡುವ ಜಾಗ ಅದು. ಅಲ್ಲಿಯ ಅಳತೆಯ ಯಂತ್ರವನ್ನು ನಡೆಸುವುದು ಅವಳ ಕೆಲಸ. ತುದಿಗೆ ಕೆಂಪು ಮಣಿಯಿರುವ ಸಣ್ಣ ಕಡ್ಡಿ ರೆಕ್ಕೆಯನ್ನು ಮುಟ್ಟುತ್ತ ಹೋಗುತ್ತಿತ್ತು. ಮುಟ್ಟಿದಲ್ಲೆಲ್ಲ ಕಂಪ್ಯೂಟರಿನಲ್ಲಿ ಒಂದೊಂದು ಚುಕ್ಕೆ. ಚುಕ್ಕೆಗಳೆಲ್ಲ ಕೂಡಿ ರೆಕ್ಕೆಯ ಉಬ್ಬುತಗ್ಗು ಹಾಗೆಯೇ ಮೂಡುತ್ತಿತ್ತು.

"ಅಕ್ಕ, ಆ ಅಚ್ಚು ನನಗ ತರಿಸಿ ಕೊಡ್ರಿ. ಕಂಪ್ಯೂಟರಿನ್ಯಾಗ ಎಡದ್ದು ಬಲಕ್ಕ ತಿರುಗಸೋದು ಕಷ್ಟಿಲ್ಲ."

"ಫ್ಯಾನಿನ ಮಶೀನ್ದಾಗ ಕಿವಿ ಅಳೀತಿ?"

"ಅದು ಕಿವಿ ಅಂತ ಮಶೀನಿಗೇನ್ ಗೊತ್ತಾಗ್ತದ್ರಿ?"

ರವಿವಾರ ಯಂತ್ರ ಬಳಸಲು ಮ್ಯಾನೇಜರ್ ಅಮರನಾಥ ಒಪ್ಪಿದರು. ರೆಕ್ಕೆಯ ಬಾಗು ನುಣ್ಣಗೆ ಹರಿಯುತ್ತದೆ; ಕಿವಿ ಹಾಗಲ್ಲ, ಮಡಿಕೆಯೊಳಗೆ ಮಡಿಕೆ. ಕಡ್ಡಿ ಒಳಗೆ ಹೋಗದೆ ಅಂಚಿಗೇ ಬಡಿದು ನಿಂತಿತು. ತಬಸ್ಸುಮ್ ಎಲ್ಲಕ್ಕಿಂತ ತೆಳುವಾದ ಕಡ್ಡಿ ಹಾಕಿ, ಅಚ್ಚನ್ನು ಒಮ್ಮೆ ಓರೆ, ಒಮ್ಮೆ ಮಗ್ಗುಲಾಗಿಸಿ ಅಳೆದಳು. ಸಂಜೆಗೆ ಪರದೆಯ ಮೇಲೆ ಬಲಗಿವಿ ತಿರುಗತೊಡಗಿತು.

ಕಾರ್ಖಾನೆಯ 3D ಪ್ರಿಂಟರಿನಲ್ಲಿ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿ, ಅನಸುಬಾಯಿಯೊಂದಿಗೆ ಕಲಬುರಗಿಗೆ ಹೋದಳು. ಲಕ್ಷ್ಮಿಕಾಂತ ಅದನ್ನು ಅಚ್ಚಿನ ಪಕ್ಕ ಹಿಡಿದು ನೋಡಿದ.

"ಆಕಾರ ಬರೋಬರಿ ಅದ. ಆದ್ರ ದಪ್ಪ ಆಗ್ಯಾದಲ್ಲ ತಂಗಿ."

ತಬಸ್ಸುಮಳ ಮುಖ ಇಳಿಯಿತು. ಯಂತ್ರ ಗುರುತಿಸುವುದು ಮಣಿಯ ನಡುಬಿಂದುವನ್ನು. ಮಣಿಯ ಅರ್ಧ ದಪ್ಪವನ್ನು ಆಮೇಲೆ ಕಳೆಯಬೇಕು. ರೆಕ್ಕೆಗಳಿಗೆ ಆ ಲೆಕ್ಕ ಯಂತ್ರದಲ್ಲಿ ಮೊದಲೇ ಇತ್ತು. ಕಿವಿಗೆ ತಾನೇ ಕಳೆಯಬೇಕೆಂಬುದು ಮರೆತಿತ್ತು.

"ಇರಲಿ ಬಿಡು," ಎಂದಳು ಅನಸುಬಾಯಿ. "ನಮ್ಮ ಮಾವಂದು ಹಿಂಗೇ ಇತ್ತು."

"ಇಲ್ರಿ ಅಕ್ಕ. ನಿಮ್ದೇ ಕಿವಿ ಆಗಬೇಕು."

ಮುಂದಿನ ರವಿವಾರ ಲೆಕ್ಕ ಸರಿಪಡಿಸುವಾಗ ಅನಸುಬಾಯಿಯೂ ಜೊತೆಗೆ ಕುಳಿತಿದ್ದಳು. ತಬಸ್ಸುಮ್ ಪರದೆ ತೋರಿಸಿ ಕೇಳಿದಳು, "ಓಲೆ ತೂತು ಜಗ್ಗಿ ಉದ್ದಾಗ್ಯಾದ. ಬಲಕ್ಕ ಸಣ್ಣದು ಮಾಡ್ಲೇನ್ರಿ?"

ಅನಸುಬಾಯಿ ಬಹಳ ಹೊತ್ತು ನೋಡಿದಳು. "ಬ್ಯಾಡ. ಒಂದು ಮುದುಕಿದು, ಒಂದು ಹುಡುಗಿದು ಆದ್ರ ಹ್ಯಾಂಗ? ಎರಡೂ ಕೂಡೇ ಮುಪ್ಪಾಗಲಿ."

ಈ ಸಲ ಅಳತೆ ಕೂಡಿತು. ಲಕ್ಷ್ಮಿಕಾಂತ ಹೊಸ ಪ್ಲಾಸ್ಟಿಕ್ ಕಿವಿಯಿಂದ ಎರಕದಚ್ಚು ಮಾಡಿ ಸಿಲಿಕೋನ್ ಹೊಯ್ದ, ಅವಳ ಕುತ್ತಿಗೆಯ ಬಣ್ಣಕ್ಕೆ ಹೊಂದಿಸಿ ಕಿವಿ ಕೂಡಿಸಿದ. ಕನ್ನಡಿ ಕೊಟ್ಟರೆ ಅನಸುಬಾಯಿ ಮೊದಲು ಅದನ್ನು ತೆಗೆದುಕೊಳ್ಳಲೇ ಇಲ್ಲ. ಕನ್ನಡಕ ಏರಿಸಿ, ಹೊಲಿಗೆಗೆ ಬಗ್ಗುವಂತೆ ಬಗ್ಗಿದಳು. ತಲೆ ಅಲ್ಲಾಡಿಸಿದಳು. ಕನ್ನಡಕ ಕದಲಲಿಲ್ಲ. ಆಮೇಲೆ ಕನ್ನಡಿಗೆ ಕೈ ಚಾಚಿದಳು. ವಾಡಿಗೆ ಮರಳುವಾಗ ರೈಲಿನ ಗಾಳಿಗೆ ಸೆರಗು ಜಾರಿದರೂ ಎಳೆದುಕೊಳ್ಳಲಿಲ್ಲ.

ಕೆಲವು ದಿನಗಳ ಮೇಲೆ ಲಕ್ಷ್ಮಿಕಾಂತ ಫೋನ್ ಮಾಡಿದ. "ತಂಗಿ, ಚಿಂಚೋಳಿಯವರೊಬ್ಬರು ಬಂದಾರ. ಅವರಿಗಿ ಮೂಗು ಬೇಕಾಗ್ಯಾದ."

"ಮೂಗಿಗಿ ಜೋಡಿ ಇಲ್ಲಲ್ರಿ, ಯಾವುದು ನೋಡಿ ತಿರುಗಸ್ಲಿ?"

"ಇವರ ಮೂಗು ಮೊದಲು ಅವರ ಅಣ್ಣನ ಮೂಗಿನ ಹಂಗೇ ಇತ್ತಂತ."

"ಹಂಗಾದ್ರ ಅಣ್ಣಂದು ಅಚ್ಚು ತಕ್ಕೊಂಡು ಕಳಸ್ರಿ. ನಾ ಮ್ಯಾನೇಜರ್ ಸಾಹೇಬರಿಗಿ ಕೇಳ್ತೀನಿ."