ಕಿವಿಗುರುತಿನ ಚೀಟಿ

‘ಇವತ್ತೂ ನನ್ನ ಕ್ಲಾಸಿನಲ್ಲಿ ಚೀಟಿ ಓಡಾಡಿದವು. ನನ್ನ ಬಗ್ಗೆಯೇ ಇರಬೇಕು. ಇನ್ಯಾರ ಬಗ್ಗೆ ಇರುತ್ತವೆ?’

ಡೈರಿಯಲ್ಲಿ ಇಷ್ಟು ಬರೆದು ಕೀರ್ತನಾ ಪೆನ್ನಿಗೆ ಟೊಪ್ಪಿಗೆ ಹಾಕಿದಳು. ಹಡಗಲಿಯಿಂದ ಬೆಳಗಿನ ಬಸ್ಸು ಹಿಡಿದು, ಹಿರೇಹಡಗಲಿ ದಾಟಿ, ಇನ್ನೂ ಆಚೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ಅವಳು ಅತಿಥಿ ಶಿಕ್ಷಕಿಯಾಗಿ ಹೋಗತೊಡಗಿ ಮೂರು ತಿಂಗಳಾಗಿತ್ತು. ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನ. ಒಂದು ಕೋಣೆಯ ಗಾರೆ ಉದುರಿತೆಂದು ಬೀಗ ಜಡಿದು, ಎರಡು ವಿಭಾಗಗಳನ್ನೂ ಒಂದೇ ಕಡೆ ತುಂಬಿದ್ದರು. ಅರವತ್ತೆಂಟು ಮಕ್ಕಳು, ನೆತ್ತಿಯ ಮೇಲೆ ತಗಡು, ಗೋಡೆಯಾಚೆ ಎಂಟನೇ ತರಗತಿಯವರ ಪದ್ಯದ ಕೋರಸ್ಸು. ಕೀರ್ತನಾಳ ದನಿಯೋ, ಮನೆಯಲ್ಲಿ ಅವ್ವ ಕೂಡ ‘ಯಾರಿಗೆ ಹೇಳಾಕತ್ತೀಯವ್ವ, ಗ್ವಾಡಿಗೇನು?’ ಎಂದು ಆಡಿಕೊಳ್ಳುವಂಥದ್ದು. ಕಾಲೇಜಿನಲ್ಲಿ ಐದು ವರ್ಷ ಅವಳು ಬಾಯಿಯ ಕೆಲಸವನ್ನೆಲ್ಲ ಕೈಯಿಂದಲೇ ಮಾಡಿ ಮುಗಿಸಿದ್ದಳು. ಸಂಶಯ ಬಂದರೆ ಚೀಟಿ, ಸಿಟ್ಟು ಬಂದರೆ ಡೈರಿ.

ಗುರುವಾರ ಮೂರನೇ ಪೀರಿಯಡ್ಡಿನಲ್ಲಿ ಒಂದು ಚೀಟಿ ಅವಳ ಕಣ್ಣು ತಪ್ಪಿಸಿ ಹಿಂದಿನ ಬೆಂಚಿನಿಂದ ಹೊರಟು, ಕೈಯಿಂದ ಕೈಗೆ ಜಾರುತ್ತ ಮುಂದೆ ಬಂದು, ಯಾರದೋ ಬೆರಳು ತಪ್ಪಿ ನೇರ ಅವಳ ಚಪ್ಪಲಿಯ ಹತ್ತಿರ ಬಿತ್ತು. ಕೀರ್ತನಾ ಬಗ್ಗಿ ಎತ್ತಿಕೊಂಡಳು. ಸಣ್ಣ ಅಕ್ಷರದಲ್ಲಿ ಒತ್ತಿ ಬರೆದಿತ್ತು: ‘ಮಿಸ್ ಬಾಯಿ ಅಷ್ಟ ಆಡತೈತಿ, ಕೆರಿ ಮೀನಿನಂಗ. ಏನಂದ್ರು?’

ಮೀನು ಎಂಬಲ್ಲಿಗೇ ಅವಳ ಕಣ್ಣು ನಿಂತುಬಿಟ್ಟಿತು. ಕೊನೆಯ ಪದವನ್ನು ಓದಿಯೂ ಓದಲಿಲ್ಲ. ಮುಖ ಬಿಸಿಯಾಯಿತು. ಚೀಟಿಯನ್ನು ಪುಸ್ತಕದೊಳಗಿಟ್ಟು, ಉಳಿದ ಪಾಠವನ್ನು ಬೋರ್ಡಿನ ಕಡೆ ತಿರುಗಿ ಹೇಳಿ ಮುಗಿಸಿದಳು.

ಊಟದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಮತ್ತೆ ಅದನ್ನು ಬಿಡಿಸಿ ನೋಡುತ್ತಿದ್ದಾಗ ಅವಳಿಗೊಂದು ವಿಚಿತ್ರ ಕಂಡಿತು. ಚೀಟಿಯ ಬಲ ಮೂಲೆಯಲ್ಲಿ ಎರಡು ಕಚ್ಚು ಹರಿದಿದ್ದರು, ನಡುವೆ ಪೆನ್ನಿನ ಮೊನೆಯಿಂದ ಒಂದು ತೂತು. ಬೇಕೆಂದೇ ಮಾಡಿದ್ದು. ಎದುರಿಗೆ ರೊಟ್ಟಿ ಮುರಿಯುತ್ತಿದ್ದ ಪಿ.ಟಿ. ಮಾಸ್ತರ್ ಗಾದೆಪ್ಪನಿಗೆ ಅವಳು ಮಾತಿಲ್ಲದೆ ಆ ಮೂಲೆಯನ್ನು ತೋರಿಸಿದಳು.

“ಓಹೋಹೋ!” ಗಾದೆಪ್ಪ ನಕ್ಕುಬಿಟ್ಟ. “ಇದು ಕಿವಿಗುರುತರೀ ಮಿಸ್. ನಾಕು ಮಂದಿ ಕುರಿ ಕೂಡಿ ಮೇಯ್ದಾಗ ಯಾರದ್ಯಾವುದು ಅಂತ ಗೊತ್ತಾಗಬೇಕಲ್ರಿ? ಮರಿ ಇದ್ದಾಗನ ಕಿವಿ ಕತ್ತರಿಸಿ ಗುರುತು ಮಾಡತೀವಿ. ಮನಿಗೊಂದು ಗುರುತು. ಎರಡು ಕಚ್ಚು, ಒಂದು ತೂತು... ಇದು ಯರ್ರೆಪ್ಪನ ಮನೀದು. ನಾನೂ ಕುರುಬರ ಮಗನರೀ, ನನಗ ಗೊತ್ತಾಗಲ್ಲೇನು?”

“ಯರ್ರೆಪ್ಪ ಅಂದ್ರೆ?”

“ನಿಮ್ಮ ರೋಜಾನ ಅಪ್ಪ. ಮುಂದಿನ ಬೆಂಚಿನಾಕಿ.” ಅಷ್ಟರಲ್ಲಿ ಅವನ ಕಣ್ಣು ಅಕ್ಷರಗಳ ಮೇಲೆ ಬಿದ್ದಿತು. ನಗು ಹಾರಿಹೋಯಿತು. “ಮೀನು ಅಂತಾಳ? ಮಾಸ್ತರಗಿತ್ತಿಗೆ? ತಡೀರಿ, ಇದನ್ನ ಬಿಡಬಾರದು.”

ಬೇಡ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಗಾದೆಪ್ಪನೂ ಚೀಟಿಯೂ ಹೆಡ್‌ಮಾಸ್ತರರ ಕೋಣೆಯ ಬಾಗಿಲು ದಾಟಿಯಾಗಿತ್ತು.

ರೋಜಾಳನ್ನು ಕರೆಸಿದರು. ಎರಡು ಜಡೆಯ, ಮೊಣಕೈಯಲ್ಲಿ ಮಸಿಯಂಟಿದ ಹುಡುಗಿ. ಹೆಡ್‌ಮಾಸ್ತರ್ ಶಿವಯೋಗಿ ಸರ್ ಕೆಟ್ಟವರಲ್ಲ, ಆದರೆ ಗುರುಗಳಿಗೆ ಅವಮಾನವೆಂದರೆ ಅವರಿಗೆ ಬೇರೆ ಏನೂ ಕಾಣುತ್ತಿರಲಿಲ್ಲ.

“ಬರದಾಕಿ ನೀನ ಏನು?”

ರೋಜಾ ನೆಲ ನೋಡಿದಳು.

“ಇದು ನಿಮ್ಮ ಮನಿ ಗುರುತು ಹೌದೋ ಅಲ್ಲೋ?”

“ಹೌದ್ರಿ.”

“ಮತ್ತ ಬರದಾರು ಯಾರು?”

ಹುಡುಗಿ ಒಂದು ಸಲ ತಲೆಯೆತ್ತಿ ಬಾಗಿಲ ಬಳಿ ನಿಂತಿದ್ದ ಕೀರ್ತನಾಳನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇ ಕೀರ್ತನಾಳನ್ನು ಆಮೇಲೆ ಬಹಳ ಹೊತ್ತು ಕಾಡಿತು.

“ನಿಮ್ಮಪ್ಪನ್ನ ಕರಕೊಂಬಾ. ಅಲ್ಲೀತನಕ ಕ್ಲಾಸಿಗೆ ಕಾಲಿಡಬ್ಯಾಡ.”

ಮರುದಿನ ಅಪ್ಪ ಬರಲಿಲ್ಲ, ಅಜ್ಜಿ ಕಲ್ಯಾಣಮ್ಮ ಬಂದಳು. ಶಾಲೆಯ ಕಟ್ಟೆಯ ಮೇಲೆ ಕೂತು ಮೊದಲು ಎಲೆಯಡಿಕೆ ಉಗಿದು ಬಾಯಿ ತೊಳೆದಳು, ಆಮೇಲೆ ಶುರುಮಾಡಿದಳು.

“ಅಲ್ರೀ ಸಾರ್, ಹುಡುಗಿ ಕ್ಲಾಸಿನಾಗ ಮಾತಾಡಿದ್ಲು ಅಂದ್ರ ಬೈರಿ, ನಾನೂ ಎರಡು ಹಾಕತೀನಿ. ಬರದ್ಲು ಅಂತ ಬೈತೀರಲ್ಲ! ಸಾಲಿಗೆ ಕಳಿಸಿದ್ದು ಬರೀಲಿ ಅಂತಲ್ಲೇನ್ರಿ?”

ಶಿವಯೋಗಿ ಸರ್ ಕೂಡ ಒಂದು ಕ್ಷಣ ಮೀಸೆಯಲ್ಲಿ ನಕ್ಕರು. ಆದರೆ ಮಾತು ಬದಲಿಸಲಿಲ್ಲ. “ಏನ ಇರಲಿ ಅಮ್ಮ, ಯರ್ರೆಪ್ಪನ್ನ ಕಳಸು.”

ಕಲ್ಯಾಣಮ್ಮನ ದನಿ ಅಲ್ಲಿ ಇಳಿಯಿತು. “ಅವ ಅರಸೀಕೆರಿ ಕಡಿ ಹೊಲದಾಗ ಗೊಬ್ಬರಕ್ಕಂತ ಕುರಿ ನಿಲ್ಲಿಸ್ಯಾನ್ರಿ. ಮರಿ ಕಾಯಾಕ ಮಂದಿ ಇಲ್ಲಂತ ಮೊದ್ಲ ಗೊಣಗ್ಯಾಡತಾನ. ಒಮ್ಮಿ ಬಂದ ಅಂದ್ರ ಹುಡುಗೀನ ಕರಕೊಂಡ ಹೋಗತಾನ. ಆಮ್ಯಾಲ ಆಕಿ ಕುರಿ ಹಿಂದ ಬಿದ್ಲು ಅಂದ್ರ ಆತು, ಹೊಳ್ಳಿ ಬರಂಗಿಲ್ಲ.”

ವರಾಂಡದ ಕಂಬದ ಹಿಂದೆ ಹಾಜರಿ ಪುಸ್ತಕ ಅವುಚಿಕೊಂಡು ನಿಂತಿದ್ದ ಕೀರ್ತನಾ ಇದೆಲ್ಲವನ್ನೂ ಕೇಳಿಸಿಕೊಂಡಳು. ‘ನಾನು ಚೀಟಿಯನ್ನು ತೋರಿಸಬಾರದಿತ್ತು’ ಎಂದು ರಾತ್ರಿ ಡೈರಿಗೆ ಹೇಳಿದಳು. ಡೈರಿ ಎಂದಿನಂತೆ ಒಪ್ಪಿಕೊಂಡಿತು, ಯಾರಿಗೂ ಹೇಳಲಿಲ್ಲ.

ಶನಿವಾರ ಬೆಳಗಿನ ಶಾಲೆ. ಮೊದಲ ಬೆಂಚಿನಲ್ಲಿ ರೋಜಾಳ ಜಾಗ ಖಾಲಿ. ಅವತ್ತು ಒಂದೇ ಒಂದು ಚೀಟಿಯೂ ಓಡಾಡಲಿಲ್ಲ. ತಾನು ಬಯಸಿದ್ದು ಇದೇ ಅಲ್ಲವೇ ಎಂದುಕೊಂಡು ಅವಳು ತಿದ್ದಲು ನೋಟ್‌ಬುಕ್ಕುಗಳನ್ನು ಕೇಳಿದಳು. ಕೊನೆಯ ಬೆಂಚಿನ ಈರಕ್ಕ ಎಂಬ ಹುಡುಗಿಯ ಪುಸ್ತಕ ಮಾತ್ರ ಉಬ್ಬಿ ಹಪ್ಪಳದಂತಾಗಿತ್ತು. ತೆರೆದರೆ ಒಳಗೆ ಬರೀ ಚೀಟಿಗಳು! ಅನ್ನದ ಅಗುಳಿನಿಂದ ಸಾಲಾಗಿ ಅಂಟಿಸಿದ್ದವು. ಒಂದೊಂದರ ಮೂಲೆಯಲ್ಲೂ ಉದ್ದಕ್ಕೆ ಒಂದೇ ಸೀಳು.

‘ಮಿಸ್ ಅಂದ್ರು: ಹಕ್ಕು ಅಂದ್ರ ಕೇಳಿ ಪಡಿಯೋದಲ್ಲ, ಹುಟ್ಟಿನಿಂದ ಇರೋದು.’

‘ಗ್ರಾಮ ಸಭಾಕ್ಕ ಯಾರು ಬೇಕಾದ್ರೂ ಹೋಗಿ ಕೇಳಬಹುದಂತ, ಹದಿನೆಂಟು ತುಂಬಿರಬೇಕು.’

‘ಇದನ್ನ ಮಿಸ್ ಎರಡು ಸಲ ಹೇಳಿದ್ರು, ಪರೀಕ್ಷಾಕ್ಕ ಬರತೈತಿ.’

ಮತ್ತೊಂದು: ‘ಈಗ ಮಿಸ್ ನಕ್ಕರು. ನಿಮಗ ಕಾಣಿಸ್ತೇನು?’

ಎಲ್ಲ ಒಂದೇ ದುಂಡಕ್ಷರ, ರೋಜಾಳದು. ಆದರೆ ಮೀನಿನ ಚೀಟಿಯ ಸಣ್ಣ ಅಕ್ಷರ ಅದಾಗಿರಲಿಲ್ಲ. ಅದು ಈ ಪುಸ್ತಕದ ಹೊದಿಕೆಯ ಮೇಲೆ ಹೆಸರು ಬರೆದ ಕೈಯದು. ಗುರುವಾರದ ಪುಟದಿಂದ ಮುಂದೆ ಪುಸ್ತಕ ಖಾಲಿ.

ಗಂಟೆ ಹೊಡೆದ ಮೇಲೆ ಈರಕ್ಕ ಅಳುತ್ತಲೇ ಬಂದಳು. “ಮೀನು ಅಂತ ಬರದಾಕಿ ನಾನರೀ ಮಿಸ್. ಆಕಿ ಅಲ್ಲ.”

“ಗುರುತು ಅವರ ಮನೆಯದಿತ್ತಲ್ಲ?”

“ಗುರುತು ಬರದಾರದು ಅಲ್ರಿ. ತಪ್ಪಿಸಿಕೊಂಡ ಕುರಿ ಕಿವಿ ನೋಡಿ ಅದರ ಮನಿಗೆ ಮುಟ್ಟಸ್ತಾರಲ್ರಿ, ಹಂಗ. ಯಾರಿಗೆ ಮುಟ್ಟಬೇಕೋ ಅವರ ಗುರುತು. ಸೀಳು ನಮ್ಮ ಮನೀದು, ತೂತು ಆಕಿದು. ಗಾದೆಪ್ಪ ಸರ್ ಅದನ್ನ ಬರದಾರ ಗುರುತು ಅಂತ ತಿಳಕೊಂಡ್ರಿ.” ಮೂಗು ಒರೆಸಿಕೊಂಡಳು. “ನಗಾಕ ಬರದಿಲ್ರಿ ಮಿಸ್. ಹಿಂದ ಏನೂ ಕೇಳಂಗಿಲ್ಲ. ನೀವು ಏನಂದ್ರಿ ಅಂತ ಆಕೀನ ಕೇಳಿದ್ದೆ.”

“ಜೋರಾಗಿ ಹೇಳಿ ಮಿಸ್ ಅಂತ ನನಗೇ ಹೇಳಬಹುದಿತ್ತಲ್ಲ?”

“ರೋಜಾ ಬ್ಯಾಡ ಅಂದ್ಲು. ಹಂಗಂದ್ರ ಮಿಸ್‌ಗೆ ಬ್ಯಾಸರ ಆಗತೈತಿ, ನಾಳಿಂದ ಬರಾದ ಬಿಟ್ಟಾರು, ನಾನ ಬರದು ಕಳಸ್ತೀನಿ ಅಂದ್ಲು.”

ಭಾನುವಾರವೆಲ್ಲ ಕೂತು ಕೀರ್ತನಾ ಹೆಡ್‌ಮಾಸ್ತರರಿಗೆ ಒಂದು ಪತ್ರ ಬರೆದಳು. ನಾಲ್ಕು ಪುಟವಾಗಿದ್ದನ್ನು ಹರಿದು ಒಂದು ಪುಟಕ್ಕಿಳಿಸಿದಳು. ಈರಕ್ಕನ ಹೆಸರು ಬಾರದಂತೆ, ತನ್ನ ಹೆಸರೂ ಆದಷ್ಟು ಕಡಿಮೆ ಬರುವಂತೆ. ಅತಿಥಿ ಶಿಕ್ಷಕರು ಮುಂದಿನ ವರ್ಷಕ್ಕೆ ಬೇಕೋ ಬೇಡವೋ ಎಂದು ಬರೆದು ಕಳಿಸುವವರು ಅವರೇ. ಪಾಠ ಕೇಳಿಸದ ಶಿಕ್ಷಕಿಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ಸೋಮವಾರ ಬಸ್ಸು ಅರ್ಧ ಗಂಟೆ ತಡ. ಅವಳು ಓಡಿ ಬಂದಾಗ ಹೆಡ್‌ಮಾಸ್ತರರ ಕೋಣೆಯಲ್ಲಿ ಹೆಗಲ ಮೇಲೆ ಕಂಬಳಿ ಹೊತ್ತ ಯರ್ರೆಪ್ಪ ನಿಂತಿದ್ದ. ಪಕ್ಕದಲ್ಲಿ ರೋಜಾ. ಗಾದೆಪ್ಪ ಕಿಟಕಿಗೆ ಒರಗಿದ್ದ. ಹೊರಗೆ ಕಟ್ಟೆಯ ಮೇಲೆ ಕಲ್ಯಾಣಮ್ಮ.

“ನನಗ ಮಾತು ಬರಂಗಿಲ್ರಿ ಸಾರ್,” ಎನ್ನುತ್ತಿದ್ದ ಯರ್ರೆಪ್ಪ. “ಹುಡುಗಿ ತಪ್ಪು ಮಾಡ್ಯಾಳ ಅಂತೀರಿ, ಮಾಡಿರಬೇಕು. ಟೀಸಿ ಕೊಟ್ಟುಬಿಡ್ರಿ. ನನಗೂ ಮರಿ ಕಾಯಾಕ ಆಗತಾಳ.”

ಹೆಸರು ತೆಗೆಯುವವರೆಗೆ ಹೋಗಬೇಕೆಂದು ಶಿವಯೋಗಿ ಸರ್‌ಗೂ ಇರಲಿಲ್ಲ. ಅವರ ಮುಖ ಹುಳ್ಳಗಾಗಿತ್ತು. ಆದರೆ ಅಪ್ಪನೇ ಕೇಳಿದ ಮೇಲೆ ಕೈ ರಿಜಿಸ್ಟರಿನ ಕಡೆ ಹೋಗಿತ್ತು. ಕೀರ್ತನಾ ಪತ್ರವನ್ನು ಮೇಜಿನ ಮೇಲಿಟ್ಟಳು.

“ರಜಾ ಅರ್ಜಿ ಏನ್ರಿ? ಆಮ್ಯಾಲ ನೋಡತೀನಿ,” ಎಂದು ಅವರು ಅದನ್ನು ಪೇಪರ್‌ವೇಟಿನ ಕೆಳಗೆ ತಳ್ಳಿ ಪೆನ್ನು ತೆರೆದರು.

ಹಾಗೆ ಅವಳ ಚೀಟಿಯೂ ಮುಟ್ಟಬೇಕಾದವರಿಗೆ ಮುಟ್ಟದೆ ದಾರಿಯಲ್ಲೇ ಬಿತ್ತು. ರೋಜಾ ಮತ್ತೆ ತಲೆಯೆತ್ತಿ ಅವಳನ್ನೇ ನೋಡಿದಳು, ಕಂಡೂ ಕಾಣದಂತೆ ತಲೆಯಾಡಿಸಿದಳು: ಹೇಳಬೇಡಿ ಮಿಸ್, ಬಿಡಿ.

“ಸರ್, ನನ್ನ ದನಿ...” ಎಂದಳು ಕೀರ್ತನಾ. ಉಳಿದದ್ದು ತುಟಿಯ ಮೇಲಷ್ಟೇ ಆಡಿತು.

“ಏನಂದ್ರಿ?” ಶಿವಯೋಗಿ ಸರ್ ಪೆನ್ನೆತ್ತಿದರು.

“ಆ ತಂಗಿ ಏನೋ ಅಂದ್ಲಲ್ಲ?” ಹೊರಗಿನಿಂದ ಕಲ್ಯಾಣಮ್ಮ ಕೂಗಿದಳು. “ಏನಂದ್ಲು? ಕೇಳಲಿಲ್ಲ!”

ಕೀರ್ತನಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಕಟ್ಟೆಯವರೆಗೆ ಎಷ್ಟು ದೂರವಿದೆ ಎಂದು ಒಮ್ಮೆ ಕಣ್ಣಳತೆಯಲ್ಲೇ ನೋಡಿದಳು. ಹೆಚ್ಚುಕಡಿಮೆ ಕೊನೆಯ ಬೆಂಚಿನಷ್ಟೇ ದೂರ.

“ನನ್ನ ದನಿ ಹಿಂದಿನ ಬೆಂಚಿಗೆ ಕೇಳೋದಿಲ್ಲ ಸರ್!” ಎಂದಳು ಗಟ್ಟಿಯಾಗಿ. “ಅಲ್ಲೀವರೆಗೆ ನನ್ನ ಪಾಠಾನ ಮುಟ್ಟಿಸಿದಾಕಿ ಇವಳು.”