ಕಾಡಂಚಿನ ಕೆಂಪು ಚುಕ್ಕಿ

ಸೊಸೈಟಿಗೆ ಬೀಗ ಬಿತ್ತು, ಮ್ಯಾನೇಜರು ಬೀಗರ ಮನೆ ಸೇರಿಕೊಂಡ. ಠೇವಣಿ ಮುಳುಗಿದವರ ನಕಾಶೆ ಮಾಡುತ್ತೇನೆಂದು ಕೊಳ್ಳೇಗಾಲದ ಗುರುಪ್ರಕಾಶ್ ಮೊಬೈಲಿನಲ್ಲಿ ಮನೆಮನೆಯ ಜಾಗ ಗುರುತು ಹಾಕುತ್ತ ಊರೂರು ಸುತ್ತಿದ. ಎಂ.ಕಾಂ. ಓದಿದವನು, ಯಾರ ದನಿ ಬೇಕಾದರೂ ತೆಗೆಯುತ್ತಿದ್ದ. ಲೊಕ್ಕನಹಳ್ಳಿಯಲ್ಲಿ ಬಾಯಿ ಬಿಡದ ಯಶೋದಳೆದುರು ಆ ಮ್ಯಾನೇಜರನ ಮೂಗುದನಿಯಲ್ಲೇ, "ತಾಯಂದಿರೇ, ನಿಮ್ಮ ದುಡ್ಡು ನಿಮ್ಮ ಮಡಿಲಲ್ಲಿದ್ದಂಗೇ!" ಎಂದ. ಅವಳು ಬಾಯಿಗೆ ಸೆರಗೊತ್ತಿಕೊಂಡು ನಕ್ಕಳು. ನಕ್ಕ ಮೇಲೆ ಹೇಳಿಯೇಬಿಟ್ಟಳು: ಹಾಲು ಮಾರಿ ಉಳಿಸಿದ ಒಂದು ಲಕ್ಷ ಇಪ್ಪತ್ತು ಸಾವಿರ.

"ನಮ್ಮನೆಯೋರ್ಗೆ ಗೊತ್ತಿಲ್ಲ ಕನಪ್ಪ. ಯಾರ್ಗೂ ಯೋಳ್ಬ್ಯಾಡ."

"ಹೆಸ್ರೇ ಇರಲ್ಲ ಯಶೋದಕ್ಕ. ಊರಿನ ಒಟ್ಟು ಲೆಕ್ಕ ಅಷ್ಟೇ."

ನಕಾಶೆ ತೋರಿಸಲು ಕೊಳ್ಳೇಗಾಲದಲ್ಲಿ ಕರೆದ ಸಭೆಗೆ ಊರವರನ್ನು ಕರೆತಂದದ್ದು ಅವಳ ಗಂಡ ರಂಗರಾಜುವಿನ ಲಗೇಜ್ ಆಟೊ. ದಾರಿಯುದ್ದಕ್ಕೂ ಅವನದೇ ಬಾಯಿ: "ನಾನ್ ಒಂದ್ರುಪಾಯಿ ಮಡ್ಗ್ಲಿಲ್ಲ ಕಣ್ರಪ್ಪೋ. ದಡ್ಡರ್ನೆಲ್ಲ ಒಂದೇ ಗಾಡೀಲಿ ತುಂಬ್ಕಂಡು ಓಯ್ತಾ ಇವ್ನಿ!" ಪೇಟೆ ನೋಡುವ ನೆಪದಲ್ಲಿ ಬಂದಿದ್ದ ಯಶೋದಾ ಎಲ್ಲರೊಡನೆ ನಕ್ಕಳು.

ಪರದೆಯ ಮೇಲೆ ಮೊದಲು ಒಂದೊಂದು ಕಡೆಯ ನಷ್ಟದ ಕಂಬಗಳು ಎದ್ದವು. ಯಳಂದೂರಿನದು ಗಿಡ್ಡ, ಹನೂರಿನದು ಮೇಲಂಚು ಮುಟ್ಟಿತ್ತು. ಆಮೇಲೆ ನಕಾಶೆ, ದಡಾರ ಎದ್ದ ಮೈಯಂತೆ ತುಂಬ ಕೆಂಪು ಚುಕ್ಕಿ.

"ಇನ್ನೂ ಹತ್ರ ಹೋಗ್ಬಹುದಾ?" ಎಂದರು ಬಂದಿದ್ದ ಅಧಿಕಾರಿ.

ಗುರುಪ್ರಕಾಶ್ ಹಿಂಜರಿದ. ಸಭೆಯೆಲ್ಲ ಕತ್ತು ಚಾಚಿತ್ತು. ಎರಡು ಬೆರಳು ಅಗಲಿಸಿದ. ಊರು ಬಂತು, ಬೀದಿ ಬಂತು, ಕಾಡಂಚಿನ ಒಂಟಿ ಹೆಂಚಿನ ಮನೆ ಬಂತು. ಅದರ ಮೇಲಿನ ಚುಕ್ಕಿ ಮುಟ್ಟಿದ: ೧,೨೦,೦೦೦. ಹೆಸರಿರಲಿಲ್ಲ. ಚಪ್ಪಾಳೆ ಬಿತ್ತು.

ಲೊಕ್ಕನಹಳ್ಳಿಯವರು ಮಾತ್ರ ತಟ್ಟಲಿಲ್ಲ.

"ಲೇ ರಂಗ, ನಿಮ್ಮನೆ ಅಲ್ವೇನ್ಲಾ ಅದು?" ಎಂದ ಶಿವನಂಜಯ್ಯ. "ದಡ್ಡರ್ ಗಾಡಿಗೆ ಡ್ರೈವರೂ ಸಿಕ್ದ ಬುಡು!"

ರಂಗರಾಜು ಎದ್ದು ಹೊರನಡೆದ. ಯಶೋದಾ ಹಿಂದೆಯೇ ಓಡಿದಳು.

"ಎತ್ತು ಮಾರ್ದಾಗ ನನ್ ಜೊತೇಲೇ ಕೂತ್ಕಂಡು ಅತ್ತ್ಯಲ್ಲ?"

"ಮಗಳ್ ನರ್ಸಿಂಗ್ ಓದ್ಗೆ ಅಂತ ಮಡ್ಗಿದ್ದೆ ಕಣೀ."

"ಎತ್ತು ಮಾರಿದ್ಯಾಕೆ? ಅವಳ್ ಫೀಸ್ಗೇ ಅಲ್ವಾ?"

"ಠೇವಣಿ ಅವ್ದಿ ಮುಗ್ದಿರ್ಲಿಲ್ಲ…"

"ನಂಗ್ ಯೋಳೋಕೂ ಅವ್ದಿ ಮುಗೀಬೇಕಿತ್ತಾ?"

ಅಷ್ಟರಲ್ಲಿ ಗುರುಪ್ರಕಾಶ್ ಏದುಸಿರು ಬಿಡುತ್ತ ಬಂದ. "ಅಕ್ಕಾ, ಹೆಸ್ರು ಎಲ್ಲೂ ಹಾಕಿಲ್ಲ, ಬೇಕಾದ್ರೆ ನೋಡಿ."

"ಅಲ್ಲಿರೋದು ಒಂದೇ ಮನೆ ಕನಪ್ಪ. ನಮ್ ಜಗ್ಲೀಲೇ ಕೂತ್ಕಂಡು ಬರ್ಕಂಡ್ಯಲ್ಲ, ಕಾಣ್ನಿಲ್ವಾ?"

ಒಳಗಿನಿಂದ ಯಾರೋ ಗುರುಪ್ರಕಾಶನನ್ನು ಕರೆದರು, ನಕಾಶೆಯಲ್ಲಿ ಮುಳ್ಳೂರನ್ನೂ ಹತ್ತಿರದಿಂದ ತೋರಿಸಬೇಕಂತೆ. ಹೋದ.

ರಂಗರಾಜು ಆಟೊ ಚಾಲೂ ಮಾಡಿದ, ಊರವರು ಒಬ್ಬೊಬ್ಬರೇ ಹೊರಬಂದು ಹಿಂದೆ ಹತ್ತಿದರು. ಪಕ್ಕದ ಸೀಟಿಗೆ ಯಶೋದಾ ಕೈಯಿಟ್ಟಾಗ ಅವನು ಸಭೆಯ ಬಾಗಿಲ ಕಡೆ ನೋಡಿ ಕೂಗಿದ: "ಶಿವನಂಜಯ್ಯ, ಬಾ, ಮುಂದೆ ಕೂತ್ಕ."

ಹಿಂದೆ ಹೆಂಗಸರು ಜರುಗಿ ಯಶೋದಳಿಗೆ ಜಾಗ ಬಿಟ್ಟರು.